ದ್ಯುತಿತಂತುಗಳನ್ನು ಹಾಸುವ ಕ್ರಮಗಳು: ಆಯ್ಕೆಯ ವಿಚಾರವಾಗಿ ಒಂದು ವಿಮರ್ಶೆ

ಬೆಳಕಿನ ಮೂಲಕ ಸಂದೇಶವನ್ನು ಒಯ್ಯುವ ಗಾಜಿನ ಎಳೆಗಳು, ಎಂದರೆ ಆಪ್ಟಿಕಲ್ ಫೈಬರ್ ಕೇಬಲುಗಳು, ಇಂದು ನಗರ ಗ್ರಾಮಗಳೆನ್ನದೆ ಎಲ್ಲೆಡೆಯೂ ಹರಡುತ್ತಿವೆ. ಕನ್ನಡದಲ್ಲಿ ಇವುಗಳಿಗೆ ದ್ಯುತಿತಂತುಗಳೆಂಬ ಹೆಸರು ಬಳಕೆಗೆ ಬಂದಿದೆ. ಈ ತಂತುವನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯಬೇಕಾದಾಗ ನೆಲವನ್ನು ಅಗೆದು ಹೂಳಬೇಕೆ, ಭೂಮಿಯ ಒಳಗಿನಿಂದಲೇ ಕೊರೆದು ಸೇರಿಸಬೇಕೆ, ರಸ್ತೆಯ ಡಾಂಬರನ್ನು ಸೀಳಿ ಅದರೊಳಗೆ ಅಡಗಿಸಬೇಕೆ, ಅಥವಾ ಕಂಬದಿಂದ ಕಂಬಕ್ಕೆ ತೂಗಬೇಕೆ ಎಂಬ ಪ್ರಶ್ನೆ ಏಳುವುದು. ಇದಕ್ಕೆ ಉತ್ತರ ಕಂಡುಕೊಳ್ಳುವ ಪದ್ಧತಿಯೊಂದು ನಮ್ಮ ತರಗತಿಗಳಲ್ಲಿಯೂ ವಿದ್ಯಾರ್ಥಿಗಳು ಬರೆಯುವ ಯೋಜನಾ ವರದಿಗಳಲ್ಲಿಯೂ ಬೇರೂರಿದೆ. ಮೊದಲನೆಯ ಅಂಕಣದಲ್ಲಿ ಕ್ರಮದ ಹೆಸರು, ಎರಡನೆಯದರಲ್ಲಿ ಗುಣ, ಮೂರನೆಯದರಲ್ಲಿ ದೋಷ, ಕಡೆಯದರಲ್ಲಿ ಕಿಲೋಮೀಟರಿಗೆ ತಗಲುವ ವೆಚ್ಚ. ಹೀಗೆ ಒಂದು ಪಟ್ಟಿಯನ್ನು ಸಿದ್ಧಮಾಡಿ, ದೋಷವು ಸಹಿಸಬಹುದಾದಷ್ಟಿದ್ದು ವೆಚ್ಚವು ಕಡಮೆಯಾಗಿರುವ ಕ್ರಮವನ್ನು ಆರಿಸುವುದೇ ಆ ಪದ್ಧತಿ.

ಈ ಪದ್ಧತಿಯು ನೋಡುವುದಕ್ಕೆ ನಿರ್ದುಷ್ಟವಾಗಿದೆ. ಆದರೆ ಅದರಲ್ಲಿ ಒಂದು ಮೂಲಭೂತವಾದ ಲೋಪವಿದೆಯೆಂದು ನಮ್ಮ ಅಭಿಪ್ರಾಯ. ತಂತುವನ್ನು ಹಾಸುವ ದಿನದ ಲೆಕ್ಕವನ್ನು ಅದು ಒದಗಿಸುತ್ತದೆಯೇ ಹೊರತು, ತಂತುವು ತುಂಡಾಗುವ ದಿನದ ಲೆಕ್ಕವನ್ನು ಒದಗಿಸುವುದಿಲ್ಲ. ಯಾವ ಕ್ರಮದಿಂದ ಹಾಸಿದರೂ ತಂತುವು ಎಂದಾದರೂ ಒಂದು ದಿನ ತುಂಡಾಗತಕ್ಕದ್ದೇ. ಅಂದು ಎಷ್ಟು ಮಂದಿಗೆ ಸಂಪರ್ಕ ತಪ್ಪುವುದು, ಅದನ್ನು ಯಾರು, ಯಾರ ನೆಲದಲ್ಲಿ, ಎಷ್ಟು ಹೊತ್ತಿನಲ್ಲಿ ಸರಿಪಡಿಸುವರು ಎಂಬುದನ್ನು ಮೊದಲು ಕೇಳಿ, ಆಮೇಲೆ ಕ್ರಮವನ್ನು ಆರಿಸಬೇಕೆಂಬುದು ಈ ಲೇಖನದ ಪ್ರತಿಪಾದ್ಯ. ಅಮೆರಿಕದ ಒಂದು ನಗರದ ಅನುಭವವನ್ನೂ ನಮ್ಮ ದೇಶದ ಭಾರತ್‌ನೆಟ್ ಯೋಜನೆಯನ್ನೂ ನಿದರ್ಶನಗಳಾಗಿ ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

೧

ಮೊದಲು ಕ್ರಮಗಳ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ನಮ್ಮ ದೇಶದಲ್ಲಿ ಸರ್ಕಾರಿ ಜಾಲಗಳ ತಂತುವನ್ನು ಹೂಳಲು ಬಹುಕಾಲದಿಂದ ಅನುಸರಿಸಿಕೊಂಡು ಬಂದಿರುವ ಅಳತೆ ೧.೬೫ ಮೀಟರ್ ಆಳ, ಎಂದರೆ ಸುಮಾರು ಐದೂವರೆ ಅಡಿ. ಆ ಅಗೆತದ ತಳದಲ್ಲಿ ೪೦ ಮಿಲಿಮೀಟರ್ ಹೊರವ್ಯಾಸವೂ ೩೩ ಮಿಲಿಮೀಟರ್ ಒಳವ್ಯಾಸವೂ ಉಳ್ಳ, ಒಳಮೈ ನುಣುಪಾದ ಪ್ಲಾಸ್ಟಿಕ್ ಕೊಳವೆಯನ್ನು ಹಾಸುವರು. ಇದಕ್ಕೆ ಡಕ್ಟ್ ಎಂದು ಹೆಸರು. ಮಣ್ಣು ಮುಚ್ಚಿದ ಮೇಲೆ ಗಾಳಿಯ ಒತ್ತಡದಿಂದ ಕೇಬಲನ್ನು ಡಕ್ಟಿನೊಳಕ್ಕೆ ಊದಿ ಕಳುಹಿಸುವರು. ಹೆದ್ದಾರಿ, ರೈಲುಹಾದಿ, ಜನನಿಬಿಡವಾದ ಬೀದಿ ಮುಂತಾದ ಅಗೆಯಲಾಗದ ಕಡೆಗಳಲ್ಲಿ ಯಂತ್ರದಿಂದ ನೆಲದಡಿಯಲ್ಲಿಯೇ ಅಡ್ಡಲಾಗಿ ಕೊರೆದು ಡಕ್ಟನ್ನು ಎಳೆದುಕೊಳ್ಳುವುದುಂಟು. ಮೂರನೆಯ ಕ್ರಮ ಮೈಕ್ರೋ ಟ್ರೆಂಚಿಂಗ್. ಇದರಲ್ಲಿ ತಿರುಗುವ ಗರಗಸದಿಂದ ರಸ್ತೆಯಲ್ಲಿ ಕಿರಿದಾದ ಸೀಳನ್ನು ಕೊರೆದು, ೩೦ ಸೆಂಟಿಮೀಟರಿನ ಆಸುಪಾಸಿನ ಆಳದಲ್ಲಿ ತಂತುವನ್ನು ಇಟ್ಟು ಮೇಲೆ ಮುಚ್ಚಳದ ವಸ್ತುವನ್ನು ತುಂಬುವರು. ನಾಲ್ಕನೆಯದು ಕಂಬಗಳ ಮೇಲಿನ ಹಾದಿ. ಲೋಹದ ಸೋಂಕೇ ಇಲ್ಲದೆ ತನ್ನ ಭಾರವನ್ನು ತಾನೇ ಹೊರಬಲ್ಲ ಕೇಬಲುಗಳು ಬಂದ ಮೇಲೆ ವಿದ್ಯುತ್ ಕಂಬಗಳಿಗೇ ಇವನ್ನು ತೂಗುವುದು ಸಾಧ್ಯವಾಗಿದೆ.

ಈ ನಾಲ್ಕರಲ್ಲಿಯೂ ಗಾಜಿನ ಎಳೆ ಒಂದೇ. ಖರ್ಚಿನ ಬಹುಪಾಲು ಗಾಜಿಗಲ್ಲ, ಅಗೆತಕ್ಕೆ, ಮುಚ್ಚುವಿಕೆಗೆ, ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವುದಕ್ಕೆ ಹೋಗುವುದು. ಆದುದರಿಂದಲೇ ಅಗೆತವನ್ನು ತಗ್ಗಿಸಬೇಕೆಂಬ ಆಸೆ ಎಲ್ಲ ಯೋಜಕರಲ್ಲಿಯೂ ಪ್ರಬಲವಾಗಿರುವುದು. ಆ ಆಸೆಯು ಎಲ್ಲಿಯವರೆಗೆ ಒಯ್ಯಬಲ್ಲುದೆಂಬುದಕ್ಕೆ ಲೂಯಿವಿಲ್ ನಗರದ ಕಥೆ ಪ್ರಸಿದ್ಧವಾದ ನಿದರ್ಶನ.

೨

ಲೂಯಿವಿಲ್ ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಓಹಾಯೋ ನದಿಯ ದಡದಲ್ಲಿರುವ ನಗರ. ಅಲ್ಲಿ ಗೂಗಲ್ ಫೈಬರ್ ಸಂಸ್ಥೆಯು ತನ್ನ ಜಾಲವನ್ನು ಕಟ್ಟಲು ಮುಂದಾದಾಗ ಕಂಬಗಳ ಹಾದಿ ಸುಲಭವಾಗಿರಲಿಲ್ಲ. ಕಂಬಗಳ ಮೇಲೆ ಅದಾಗಲೇ ಬೇರೆ ಸಂಸ್ಥೆಗಳ ತಂತಿಗಳಿದ್ದುವು. ಹೊಸಬರ ತಂತಿಗೆ ಎಡೆಮಾಡಬೇಕಾದರೆ ಹಳಬರು ಒಬ್ಬೊಬ್ಬರಾಗಿ ಬಂದು ತಂತಮ್ಮ ತಂತಿಗಳನ್ನು ಸರಿಸಬೇಕಾಗಿದ್ದಿತು; ಇದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತಿದ್ದಿತು. ಒಂದೇ ತಂಡವು ಒಂದೇ ಸಲ ಎಲ್ಲ ತಂತಿಗಳನ್ನೂ ಸರಿಸಬಹುದೆಂದು ೨೦೧೬ರ ಫೆಬ್ರವರಿಯಲ್ಲಿ ನಗರಸಭೆಯು ಶಾಸನ ಮಾಡಿತು. ಅದೇ ತಿಂಗಳಿನಲ್ಲಿ ಎ.ಟಿ. ಅಂಡ್ ಟಿ. ಸಂಸ್ಥೆಯು ಆ ಶಾಸನದ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ನಗರದ ಪರವಾಗಿ ತೀರ್ಪು ಬಂದದ್ದು ೨೦೧೭ರ ಆಗಸ್ಟಿನಲ್ಲಿ.

ಈ ನಡುವೆ ಸಂಸ್ಥೆಯು ಬೇರೊಂದು ಹಾದಿಯನ್ನು ಹಿಡಿದಿದ್ದಿತು. ಮೈಕ್ರೋ ಟ್ರೆಂಚಿಂಗಿಗಿಂತಲೂ ಮೇಲಾಗಿ, ಕೇವಲ ಎರಡು ಅಂಗುಲದಷ್ಟು ಆಳದ ಸೀಳುಗಳನ್ನು ಬೀದಿಯ ಡಾಂಬರಿನಲ್ಲಿ ಕೊರೆದು ತಂತುವನ್ನು ಇಟ್ಟು, ಮೇಲೆ ಅಂಟಿನಂತಹ ವಸ್ತುವನ್ನು ತುಂಬಿತು. ಇದನ್ನು ನ್ಯಾನೋ ಟ್ರೆಂಚಿಂಗ್ ಎಂದು ಕರೆದರು. ೨೦೧೭ರ ಅಕ್ಟೋಬರಿನಲ್ಲಿ ನಗರದ ಕೆಲವು ಬಡಾವಣೆಗಳಲ್ಲಿ ಸೇವೆ ಆರಂಭವಾಯಿತು. ಕಂಬಗಳ ವ್ಯಾಜ್ಯವು ನಡೆಯುತ್ತಿದ್ದುದು ಈ ಕ್ರಮದ ಆಕರ್ಷಣೆಯನ್ನು ಹೆಚ್ಚಿಸಿತೆಂದು ಊಹಿಸುವುದು ಅಸಮಂಜಸವಾಗಲಾರದು.

ಆಮೇಲೆ ನಡೆದುದನ್ನು ಬಹುಮಂದಿ ಬಲ್ಲರು. ಸೀಳುಗಳಲ್ಲಿ ತುಂಬಿದ್ದ ವಸ್ತುವು ಕಿತ್ತು ಮೇಲೆ ಬಂದಿತು. ಅನೇಕ ಕಡೆಗಳಲ್ಲಿ ಕೇಬಲು ಬೀದಿಯ ಮೇಲೆಯೇ ಕಾಣಿಸಿಕೊಂಡಿತು. ಡಾಂಬರನ್ನು ತುಂಬಿ ಸರಿಪಡಿಸುವ ಪ್ರಯತ್ನವೂ ನಡೆಯಿತು. ಕಟ್ಟಕಡೆಗೆ ೨೦೧೯ರ ಫೆಬ್ರವರಿಯಲ್ಲಿ ಸಂಸ್ಥೆಯು ನಗರವನ್ನು ಬಿಡುವುದಾಗಿ ಪ್ರಕಟಿಸಿತು. ಜಾಲವನ್ನು ಹೆಚ್ಚುಕಡಮೆ ಪೂರ್ತಿಯಾಗಿ ಮತ್ತೆ ಕಟ್ಟಬೇಕಾಗುವುದೆಂದೂ ಅದು ವ್ಯಾಪಾರದ ದೃಷ್ಟಿಯಿಂದ ತಕ್ಕದ್ದಲ್ಲವೆಂದೂ ಅದು ಕೊಟ್ಟ ಕಾರಣ. ಅದೇ ವರ್ಷದ ಏಪ್ರಿಲ್ ೧೫ರಂದು ಸೇವೆ ನಿಂತಿತು. ಬೀದಿಗಳಿಂದ ತಂತುವನ್ನೂ ತುಂಬಿದ ವಸ್ತುವನ್ನೂ ತೆಗೆದು, ಬೇಕಾದ ಕಡೆ ಮರುಡಾಂಬರೀಕರಣ ಮಾಡುವುದಕ್ಕಾಗಿ ೨೦ ತಿಂಗಳುಗಳ ಅವಧಿಯಲ್ಲಿ ೩೮.೪ ಲಕ್ಷ ಡಾಲರುಗಳನ್ನು ನಗರಕ್ಕೆ ಕೊಡಲು ಸಂಸ್ಥೆಯು ಒಪ್ಪಿಕೊಂಡಿತು.

ಈ ಪ್ರಸಂಗದಿಂದ ಸಾಮಾನ್ಯವಾಗಿ ತೆಗೆಯುವ ನೀತಿ ಸರಳವಾದುದು: ಎರಡು ಅಂಗುಲ ಸಾಲದು, ಇನ್ನೂ ಆಳವಾಗಿ ಹೂಳಬೇಕು. ಈ ನೀತಿ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಅಲ್ಲಿ ಮೊದಲು ಸೋತದ್ದು ಗಾಜಿನ ಎಳೆಯಲ್ಲ, ಅದನ್ನು ಮುಚ್ಚಿದ್ದ ವಸ್ತು. ಡಾಂಬರಿನ ರಸ್ತೆಯು ಬೇಸಗೆಯಲ್ಲಿ ಹಿಗ್ಗುವುದು, ಚಳಿಯಲ್ಲಿ ಕುಗ್ಗುವುದು. ಅದರ ಮೇಲೆ ಭಾರವಾದ ಗಾಡಿಗಳು ಓಡಾಡುವುವು. ಸೀಳಿನೊಳಕ್ಕೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುವುದು. ಇದೆಲ್ಲಕ್ಕಿಂತ ಮುಖ್ಯವಾಗಿ, ರಸ್ತೆಯ ಮೇಲುಪದರವನ್ನು ಕೆಲವು ವರ್ಷಗಳಿಗೊಮ್ಮೆ ಕೆರೆದು ತೆಗೆದು ಹೊಸದಾಗಿ ಹಾಸುವುದು ವಾಡಿಕೆ. ಕೆರೆಯುವ ಆಳದೊಳಗೇ ತಂತುವನ್ನು ಇಟ್ಟರೆ, ರಸ್ತೆಯ ಒಡೆಯನಾದ ನಗರಸಭೆಯು ತನ್ನ ನಿತ್ಯದ ಕೆಲಸವನ್ನು ಮಾಡಿದಾಗಲೆಲ್ಲ ಜಾಲಕ್ಕೆ ಅಪಾಯ ತಪ್ಪಿದ್ದಲ್ಲ. ರಸ್ತೆಯನ್ನು ಒಂದು ನಿಶ್ಚಲವಾದ ಪೆಟ್ಟಿಗೆಯೆಂದು ಭಾವಿಸಿದ್ದೇ ಇಲ್ಲಿನ ತಪ್ಪು. ರಸ್ತೆಯು ಬೇರೊಬ್ಬರ ಸ್ವತ್ತು. ಅದಕ್ಕೆ ಅದರದೇ ಆದ ಆಯುಸ್ಸೂ ದುರಸ್ತಿಯ ಕಾಲವೂ ಉಂಟು. ಕೇವಲ ಎರಡು ಅಂಗುಲಕ್ಕೆ ಬದಲಾಗಿ ಆರು ಅಂಗುಲ ಕೊರೆದಿದ್ದರೆ ಹಾನಿ ಕಡಮೆಯಾಗುತ್ತಿದ್ದಿತು, ನಿಜ. ಆದರೆ ಆಳವೊಂದೇ ರಕ್ಷೆಯೆಂದು ನಂಬಿದವರು ನಮ್ಮ ದೇಶದ ಅನುಭವವನ್ನು ಒಮ್ಮೆ ನೋಡಬೇಕು. ಲೂಯಿವಿಲ್ಲಿನಲ್ಲಿ ಆಳವು ಎರಡು ಅಂಗುಲವಾದರೆ ನಮ್ಮಲ್ಲಿ ಐದೂವರೆ ಅಡಿ. ಆದರೂ ತಂತು ತುಂಡಾಗುವುದು ತಪ್ಪಲಿಲ್ಲ.

೩

೨೦೧೧ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ದ್ಯುತಿತಂತುವನ್ನು ಒಯ್ಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮುಂದೆ ಇದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಮೊದಲನೆಯ ಹಂತದಲ್ಲಿ ತಾಲ್ಲೂಕು ಕೇಂದ್ರಗಳಿಂದ ಹೊರಟು ಹಳ್ಳಿಗಳ ಸಮೀಪದವರೆಗೆ ಹೋಗಿದ್ದ ಹಳೆಯ ಸರ್ಕಾರಿ ತಂತುವನ್ನೇ ಬಳಸಿಕೊಂಡು, ಅಲ್ಲಿಂದ ಪಂಚಾಯತಿಯವರೆಗಿನ ಭಾಗವನ್ನು ಮಾತ್ರ ಹೊಸದಾಗಿ ಹೂಳಿದರು. ೨೦೧೭ರ ಡಿಸೆಂಬರಿನ ಹೊತ್ತಿಗೆ ಒಂದು ಲಕ್ಷ ಪಂಚಾಯತಿಗಳನ್ನು ಮುಟ್ಟಿದ ಈ ಹಂತದಲ್ಲಿ ನಮ್ಮ ಕರ್ನಾಟಕದ ಪಂಚಾಯತಿಗಳೂ ಸೇರಿದ್ದುವು.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕು. ಮೊದಲನೆಯದು, ಆಳದ ವಿಚಾರ. ೧.೬೫ ಮೀಟರ್ ಎಂಬ ಅಳತೆಯು ನೇಗಿಲಿಗೂ ಗುದ್ದಲಿಗೂ ಸಾಮಾನ್ಯವಾದ ನೀರಿನ ಕೊಳವೆಯ ಅಗೆತಕ್ಕೂ ನಿಲುಕದ ಆಳ. ಆದರೆ ಇಂದು ಹಳ್ಳಿಹಳ್ಳಿಗೂ ಬಂದಿರುವ ಜೆ.ಸಿ.ಬಿ. ಯಂತ್ರದ ತೋಳು ನಾಲ್ಕು ಮೀಟರಿಗೂ ಮಿಗಿಲಾದ ಆಳಕ್ಕೆ ಇಳಿಯಬಲ್ಲುದು. ರಸ್ತೆಯನ್ನು ಅಗಲಮಾಡುವಾಗ, ಮೋರಿಯನ್ನು ಕಟ್ಟುವಾಗ, ನೀರಿನ ಕೊಳವೆಯನ್ನು ಹೂಳುವಾಗ ಈ ಯಂತ್ರಕ್ಕೆ ತಂತುವು ಎಲ್ಲಿದೆಯೆಂಬ ಅರಿವು ಇರುವುದಿಲ್ಲ. ಅಗೆಯುವವರು ತಂತುವಿನ ಒಡೆಯರಿಗೆ ಮುಂಚಿತವಾಗಿ ತಿಳಿಸಲೆಂದು ೨೦೨೩ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರವು ಮೊಬೈಲಿನಲ್ಲಿ ಬಳಸುವ ಒಂದು ಸಾಧನವನ್ನೇ ಜಾರಿಗೆ ತರಬೇಕಾಯಿತು. ಇದರಿಂದ ತಿಳಿಯತಕ್ಕದ್ದೇನೆಂದರೆ, ಆಳಕ್ಕಿಂತಲೂ ಅರಿವು ಹೆಚ್ಚಿನ ರಕ್ಷೆ. ತಂತುವು ಎಲ್ಲಿದೆಯೆಂಬ ನಂಬಬಹುದಾದ ನಕಾಶೆ ಇಲ್ಲದೆ ಹೂಳಿದ ತಂತುವನ್ನು ಅದರ ಶತ್ರುವೂ ಕಾಣನು, ಅದನ್ನು ಸರಿಪಡಿಸಬಂದವನೂ ಕಾಣನು.

ಆಳವು ಎಲ್ಲ ನೆಲಗಳಲ್ಲಿಯೂ ಒಂದೇ ಬೆಲೆಗೆ ದೊರೆಯುವುದೂ ಇಲ್ಲ. ಕೋಲಾರ ಚಿತ್ರದುರ್ಗಗಳ ಬಂಡೆಯ ನೆಲದಲ್ಲಿ ಐದೂವರೆ ಅಡಿ ಅಗೆಯುವುದು ಒಂದು ಮಾತು, ಕರಾವಳಿಯ ಜಂಬಿಟ್ಟಿಗೆಯಲ್ಲಿ ಅಗೆಯುವುದು ಇನ್ನೊಂದು ಮಾತು. ಉತ್ತರ ಕರ್ನಾಟಕದ ಎರೆಭೂಮಿಯು ಅಗೆಯಲು ಸುಲಭವಾದರೂ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ, ಡಕ್ಟಿನ ಜೋಡಣೆಗಳನ್ನು ವರ್ಷವರ್ಷವೂ ಎಳೆದಾಡುವುದು. ಬಂಡೆ ಅಡ್ಡಬಂದ ಕಡೆ ಕಡಮೆ ಆಳಕ್ಕೆ ಹೂಳಿ ಮೇಲೆ ಕಾಂಕ್ರೀಟಿನ ಹೊದಿಕೆ ಹಾಕುವುದಕ್ಕೆ ಅವಕಾಶವುಂಟು. ಆ ಹೊದಿಕೆಯು ನಿಜವಾಗಿ ಬಿದ್ದಿದೆಯೋ ಇಲ್ಲವೋ ಎಂಬುದು ಮಣ್ಣು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದು. ಹೂಳಿದ ಕೆಲಸದ ಗುಣವನ್ನು ಅದು ಕೆಟ್ಟ ದಿನವೇ ಕಾಣಬೇಕಾಗುವುದು. ಪಟ್ಟಿಯ ದೋಷದ ಅಂಕಣದಲ್ಲಿ ಈ ವಿಷಯಕ್ಕೆ ಸ್ಥಳ ದೊರೆತುದನ್ನು ನಾವು ಕಂಡಿಲ್ಲ.

ಎರಡನೆಯ ಸಂಗತಿ ಜಾಲದ ಆಕಾರ. ಮೊದಲನೆಯ ಹಂತದ ತಂತುವು ತಾಲ್ಲೂಕು ಕೇಂದ್ರದಿಂದ ಹೊರಟು ಮರದ ಕೊಂಬೆಯಂತೆ ಹಳ್ಳಿಗಳ ಕಡೆಗೆ ಚಾಚಿದ್ದಿತು. ಕೊಂಬೆಯ ಬುಡವನ್ನು ಕಡಿದರೆ ತುದಿಯವರೆಗಿನ ಎಲೆಗಳೆಲ್ಲವೂ ಒಣಗುವಂತೆ, ಮೊದಲಿನಲ್ಲಿ ತಂತು ತುಂಡಾದರೆ ಮುಂದಿನ ಪಂಚಾಯತಿಗಳೆಲ್ಲವೂ ಕೂಡಿಯೇ ಸಂಪರ್ಕವನ್ನು ಕಳೆದುಕೊಳ್ಳುವುವು. ಇದನ್ನು ಒಂದು ಕಲ್ಪಿತವಾದ ಲೆಕ್ಕದಿಂದ ಸ್ಪಷ್ಟಪಡಿಸಬಹುದು.

೪

ಒಂದು ತಾಲ್ಲೂಕು ಕೇಂದ್ರದಿಂದ ಐದು ಪಂಚಾಯತಿಗಳು ಸಾಲಾಗಿ ಒಂದರ ಮುಂದೊಂದು ಇವೆಯೆಂದು ಭಾವಿಸೋಣ. ಪ್ರತಿಯೊಂದು ತುಂಡು ಹಾದಿಯಲ್ಲಿಯೂ ವರ್ಷಕ್ಕೊಮ್ಮೆ ತಂತು ಕಡಿಯುವುದೆಂದೂ ಪ್ರತಿ ಸಲವೂ ದುರಸ್ತಿಗೆ ಮೂರು ದಿನ ಹಿಡಿಯುವುದೆಂದೂ ಇಟ್ಟುಕೊಳ್ಳೋಣ. ಮೊದಲನೆಯ ಪಂಚಾಯತಿಗೆ ವರ್ಷದಲ್ಲಿ ಒಂದು ಸಲ, ಎರಡನೆಯದಕ್ಕೆ ಎರಡು ಸಲ, ಹೀಗೆ ಐದನೆಯದಕ್ಕೆ ಐದು ಸಲ ಸಂಪರ್ಕ ತಪ್ಪುವುದು. ಎಲ್ಲವನ್ನೂ ಕೂಡಿದರೆ ವರ್ಷಕ್ಕೆ ೧೫ ಕಡಿತಗಳು, ೪೫ ದಿನಗಳು. ಅದರಲ್ಲಿಯೂ ಅತ್ಯಂತ ದೂರದ ಹಳ್ಳಿಯ ಪಾಲಿಗೆ ೧೫ ದಿನಗಳು ಬೀಳುವುವು. ಯಾವ ಹಳ್ಳಿಗೆ ಈ ಸೌಕರ್ಯವು ಎಲ್ಲಕ್ಕಿಂತ ಹೆಚ್ಚಾಗಿ ಬೇಕೋ ಆ ಹಳ್ಳಿಯೇ ಎಲ್ಲಕ್ಕಿಂತ ಹೆಚ್ಚು ಕಳೆದುಕೊಳ್ಳುವುದು. ಈಗ ಹೆಚ್ಚು ಹಣವನ್ನು ಸುರಿದು, ಹೆಚ್ಚು ಆಳಕ್ಕೆ ಹೂಳಿ, ಕಡಿತಗಳನ್ನು ಅರ್ಧಕ್ಕೆ ಇಳಿಸಿದೆವೆನ್ನೋಣ. ಆಗಲೂ ದೂರದ ಹಳ್ಳಿಗೆ ವರ್ಷಕ್ಕೆ ಏಳೂವರೆ ದಿನಗಳು ತಪ್ಪಿದ್ದಲ್ಲ.

ಇದಕ್ಕೆ ಬದಲಾಗಿ ಐದನೆಯ ಪಂಚಾಯತಿಯಿಂದ ಬೇರೆ ಹಾದಿಯಲ್ಲಿ ಆರನೆಯ ತುಂಡೊಂದನ್ನು ಹಾಸಿ ತಾಲ್ಲೂಕು ಕೇಂದ್ರಕ್ಕೆ ಮರಳಿ ಕೂಡಿಸಿದರೆ ಜಾಲವು ಉಂಗುರದ ಆಕಾರವನ್ನು ತಾಳುವುದು. ಆಗ ಒಂದು ಕಡೆ ತಂತು ಕಡಿದರೂ ಬೆಳಕು ಇನ್ನೊಂದು ಕಡೆಯಿಂದ ಬಂದು ಸೇರುವುದು. ಯಾವ ಪಂಚಾಯತಿಗೂ ಸಂಪರ್ಕ ತಪ್ಪದು. ಒಂದು ಕಡಿತದ ದುರಸ್ತಿ ನಡೆಯುತ್ತಿರುವ ಮೂರು ದಿನಗಳೊಳಗೆ ಉಳಿದ ಐದು ತುಂಡುಗಳಲ್ಲಿ ಯಾವುದಾದರೊಂದು ಕಡಿದಾಗ ಮಾತ್ರವೇ ತೊಂದರೆ. ಅದರ ಸಂಭವವು ನೂರಕ್ಕೆ ನಾಲ್ಕರಷ್ಟು. ವರ್ಷಕ್ಕೆ ಆರು ಕಡಿತಗಳಾದರೂ ಅಂತಹ ಜೋಡಿ ಕಡಿತವು ಸುಮಾರು ನಾಲ್ಕು ವರ್ಷಗಳಿಗೊಮ್ಮೆ ಬರುವುದು. ಅದೇ ಮಣ್ಣು, ಅದೇ ಆಳ, ಅದೇ ಸೋಮಾರಿಯಾದ ದುರಸ್ತಿ. ಆದರೆ ಫಲದಲ್ಲಿ ಎಷ್ಟು ಅಂತರ! ಹಾಸುವ ಕ್ರಮದ ಆಯ್ಕೆಯನ್ನು ಜಾಲದ ಆಕಾರದಿಂದ ಬೇರ್ಪಡಿಸಿ ಚರ್ಚಿಸುವುದು ಎಷ್ಟು ನಿರರ್ಥಕವೆಂಬುದು ಇದರಿಂದ ತಿಳಿಯುವುದು. ಇದರಲ್ಲಿ ಒಂದು ಎಚ್ಚರಿಕೆಯೂ ಉಂಟು. ಉಂಗುರದ ಎರಡು ತೋಳುಗಳನ್ನೂ ಉಳಿತಾಯದ ಆಸೆಯಿಂದ ಒಂದೇ ಅಗೆತದಲ್ಲಿ ಅಥವಾ ಒಂದೇ ಸಾಲಿನ ಕಂಬಗಳ ಮೇಲೆ ಒಯ್ದರೆ, ಕಾಗದದ ಮೇಲೆ ಉಂಗುರವಿದ್ದರೂ ಜೆ.ಸಿ.ಬಿ.ಯ ಒಂದೇ ಪೆಟ್ಟು ಎರಡನ್ನೂ ಕತ್ತರಿಸುವುದು.

ದುರಸ್ತಿಯು ಹೆಚ್ಚಾದಂತೆಲ್ಲ ತಂತುವಿನ ಶಕ್ತಿಯೂ ಕುಂದುವುದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ೧೫೫೦ ನ್ಯಾನೋಮೀಟರ್ ತರಂಗದೂರದ ಬೆಳಕು ಒಳ್ಳೆಯ ತಂತುವಿನಲ್ಲಿ ಕಿಲೋಮೀಟರಿಗೆ ಸುಮಾರು ೦.೨ ಡೆಸಿಬೆಲ್ ಮಾತ್ರ ಕುಂದುವುದು. ಕಡಿದ ತಂತುವನ್ನು ಸರಿಪಡಿಸುವಾಗ ಸಾಮಾನ್ಯವಾಗಿ ನಡುವೆ ಹೊಸ ತುಂಡನ್ನು ಸೇರಿಸುವುದರಿಂದ ಎರಡು ಜೋಡಣೆಗಳು ಬೀಳುವುವು. ಜೋಡಣೆಗೆ ೦.೧ ಡೆಸಿಬೆಲ್ ನಷ್ಟವೆಂದು ಹಿಡಿದರೂ ಹತ್ತು ಕಡಿತಗಳಿಂದ ೨೦ ಜೋಡಣೆಗಳು, ೨ ಡೆಸಿಬೆಲ್ ನಷ್ಟ. ಇದು ೧೦ ಕಿಲೋಮೀಟರ್ ಉದ್ದದ ತಂತುವಿನ ನಷ್ಟಕ್ಕೆ ಸಮ. ಅವಸರದಲ್ಲಿ ಮಾಡಿದ ಜೋಡಣೆಯ ನಷ್ಟವು ಇದಕ್ಕಿಂತಲೂ ಹೆಚ್ಚು. ಆದಕಾರಣ ಪದೇಪದೇ ಕಡಿಯುವ ತಂತುವು ಪ್ರತಿ ಸಲವೂ ಸರಿಯಾದಂತೆ ಕಂಡರೂ ಒಳಗೊಳಗೇ ಸವೆಯುತ್ತಿರುವುದು.

ಭಾರತ್‌ನೆಟ್ಟಿನ ಆಡಳಿತವು ಈ ಸಂಗತಿಗಳನ್ನು ಕಾಣದೆ ಇರಲಿಲ್ಲ. ೨೦೧೫ರಲ್ಲಿ ಯೋಜನೆಯನ್ನು ಪರಿಶೀಲಿಸಿದ ಸಮಿತಿಯು ಉಂಗುರದ ಆಕಾರವನ್ನೂ, ನೆಲದಡಿಯ ತಂತು ಮತ್ತು ಕಂಬದ ಮೇಲಿನ ತಂತುಗಳ ಮಿಶ್ರಣವನ್ನೂ ಸೂಚಿಸಿದ್ದಿತು. ೨೦೧೭ರ ಜುಲೈಯಲ್ಲಿ ಮಿಶ್ರಣಕ್ಕೆ ಒಪ್ಪಿಗೆ ದೊರೆಯಿತು. ೨೦೨೩ರ ಆಗಸ್ಟಿನಲ್ಲಿ ೧,೩೯,೫೭೯ ಕೋಟಿ ರೂಪಾಯಿಗಳ ವೆಚ್ಚದಿಂದ ಒಪ್ಪಿತವಾದ ತಿದ್ದುಪಡಿಯ ಯೋಜನೆಯಲ್ಲಿ ಹಳೆಯ ಸಾಲುಗಳನ್ನು ಉಂಗುರಗಳನ್ನಾಗಿ ಮಾಡುವುದೂ, ಕಟ್ಟಿದವರೇ ಹತ್ತು ವರ್ಷ ಕಾಯ್ದುಕೊಂಡು ಬರಬೇಕೆಂಬುದೂ ಸೇರಿವೆ. ಇದು ಸರಿಯಾದ ದಿಕ್ಕಿನ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೊದಲ ಒಪ್ಪಿಗೆಯಿಂದ ಇಲ್ಲಿಗೆ ಬರಲು ಹನ್ನೆರಡು ವರ್ಷಗಳು ಹಿಡಿದುವು. ಅಷ್ಟು ಕಾಲ ಹಿಡಿಯಲು ಒಂದು ಕಾರಣವು, ಕಟ್ಟುವ ಹಣವನ್ನು ಒಂದು ಕಡತದಲ್ಲಿಯೂ ಕಾಯುವ ಹಣವನ್ನು ಇನ್ನೊಂದು ಕಡತದಲ್ಲಿಯೂ ಇಟ್ಟು ನೋಡುವ ನಮ್ಮ ಅಭ್ಯಾಸವೇ ಎಂದು ನಾವು ಭಾವಿಸುತ್ತೇವೆ.

೫

ಇನ್ನು ಕಂಬಗಳ ವಿಚಾರ. ತೂಗುವ ತಂತುವನ್ನು ತಾತ್ಕಾಲಿಕವಾದ, ಕೀಳಾದ ಉಪಾಯವೆಂದು ನೋಡುವ ಪ್ರವೃತ್ತಿ ಪಠ್ಯಗಳಲ್ಲಿ ಉಂಟು. ಅದು ಎಲ್ಲೆಡೆಯೂ ನ್ಯಾಯವಾದುದಲ್ಲ. ಆಂಧ್ರಪ್ರದೇಶವು ವಿದ್ಯುತ್ ಕಂಬಗಳ ಮೇಲೆ ಸುಮಾರು ೨೪ ಸಾವಿರ ಕಿಲೋಮೀಟರ್ ತಂತುವನ್ನು ಎಳೆದು ೨೦೧೭ರ ಡಿಸೆಂಬರಿನಲ್ಲಿ ತನ್ನ ಜಾಲವನ್ನು ಉದ್ಘಾಟಿಸಿತು. ಕೇರಳವು ೨೦೨೩ರ ಜೂನಿನಲ್ಲಿ ಉದ್ಘಾಟಿಸಿದ ಕೆ-ಫೋನ್ ಜಾಲವೂ ರಾಜ್ಯದ ವಿದ್ಯುತ್ ಮಂಡಳಿಯ ಕಂಬಗಳನ್ನು ಆಶ್ರಯಿಸಿದೆ. ಅಲ್ಲಿ ವಿದ್ಯುತ್ ಮಂಡಳಿಯೇ ಜಾಲದ ಸಂಸ್ಥೆಯಲ್ಲಿ ಪಾಲುದಾರನಾಗಿದೆ. ಲೂಯಿವಿಲ್ಲಿನಲ್ಲಿ ಕಂಬವು ವ್ಯಾಜ್ಯದ ಮೂಲವಾಯಿತು; ಕೇರಳದಲ್ಲಿ ಕಂಬದ ಒಡೆಯನು ಜಾಲದ ಒಡೆತನದಲ್ಲಿ ಭಾಗಿ. ತಂತ್ರವು ಎರಡು ಕಡೆಗೂ ಒಂದೇ ಆದರೂ ಒಡೆತನದ ಸಂಬಂಧವು ಬೇರೆ. ಗುಣದೋಷಗಳ ಪಟ್ಟಿಯಲ್ಲಿ 'ಕಂಬದ ಮೇಲೆ' ಎಂಬ ಒಂದೇ ಸಾಲಿನಲ್ಲಿ ಈ ಎರಡನ್ನೂ ಸೇರಿಸುವುದು ಸಾಧುವೆ?

ತೂಗುವ ತಂತುವಿನ ಶತ್ರು ಗಾಳಿ. ೨೦೧೪ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣವನ್ನೂ, ೨೦೧೮ರ ಅಕ್ಟೋಬರಿನಲ್ಲಿ ತಿತ್ಲಿ ಚಂಡಮಾರುತವು ಶ್ರೀಕಾಕುಳಂ ಜಿಲ್ಲೆಯನ್ನೂ ಹೊಡೆದಾಗ ವಿದ್ಯುತ್ ಕಂಬಗಳು ಬಹಳವಾಗಿ ಉರುಳಿದುವು. ಹುದ್‌ಹುದ್ ಬಡಿದ ತರುವಾಯ ವಿಶಾಖಪಟ್ಟಣದಲ್ಲಿ ವಿದ್ಯುತ್ ತಂತಿಗಳನ್ನೇ ನೆಲದಡಿಗೆ ಇಳಿಸುವ ಕೆಲಸ ನಡೆಯಿತು. ಕರಾವಳಿಯಲ್ಲಿ ಕಂಬವನ್ನು ಮಾತ್ರವೇ ನೆಚ್ಚಿಕೊಳ್ಳುವುದು ಅವಿವೇಕವೆಂಬುದಕ್ಕೆ ಇಷ್ಟು ಸಾಕು. ಮಳೆಗಾಲದಲ್ಲಿ ಮರಗಳು ತಂತಿಯ ಮೇಲೆ ಮುರಿದು ಬೀಳುವ ನಮ್ಮ ಮಲೆನಾಡಿಗೂ ಈ ಮಾತು ಸಲ್ಲುವುದು. ಆದರೆ ತೂಗುವ ತಂತುವಿಗೆ ಇರುವ ಒಂದು ದೊಡ್ಡ ಗುಣವನ್ನು ಮರೆಯಕೂಡದು. ಅದು ಎಲ್ಲಿ ಕಡಿದಿದೆಯೆಂಬುದು ಕಣ್ಣಿಗೆ ಕಾಣುವುದು. ಅಗೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ವಿದ್ಯುತ್ತನ್ನು ಮರಳಿ ಕೊಡಲು ಹೊರಟ ಲೈನ್‌ಮನ್ನನ ಹಿಂದೆಯೇ ತಂತುವಿನವನೂ ಹೋಗಬಹುದು. ಬಿರುಗಾಳಿಯಿಲ್ಲದ ಬಯಲುಸೀಮೆಯಲ್ಲಿ, ಬಂಡೆಯ ನೆಲದಲ್ಲಿ, ಬೇಗನೆ ಸರಿಪಡಿಸಬಹುದಾದ ತೂಗುತಂತುವು ಐದೂವರೆ ಅಡಿಯ ಕೆಳಗೆ ಗೊತ್ತುಗುರಿಯಿಲ್ಲದೆ ಮಲಗಿರುವ ತಂತುವಿಗಿಂತ ಮೇಲಾಗಬಹುದು. ಉಂಗುರದ ಒಂದು ತೋಳು ನೆಲದಡಿಯಲ್ಲಿಯೂ ಇನ್ನೊಂದು ಕಂಬದ ಮೇಲೆಯೂ ಇದ್ದರೆ ಇನ್ನೂ ಲೇಸು, ಜೆ.ಸಿ.ಬಿ.ಯೂ ಬಿರುಗಾಳಿಯೂ ಒಂದೇ ದಿನ ಬರುವುದು ವಿರಳ.

ಇಷ್ಟನ್ನು ಹೇಳಿದಾಗ ಒಂದು ಆಕ್ಷೇಪ ಬರಬಹುದು. ಯೋಜಕನ ಕೈಯಲ್ಲಿರುವ ಹಣ ಮಿತವಾದುದು. ಉಂಗುರಕ್ಕೆ ಹೆಚ್ಚು ತಂತು ಬೇಕು, ಕಾಯುವುದಕ್ಕೆ ಹೆಚ್ಚು ಜನ ಬೇಕು. ಇದೆಲ್ಲವನ್ನೂ ಮೊದಲೇ ಎಣಿಸಿದರೆ ಅರ್ಧದಷ್ಟು ಹಳ್ಳಿಗಳಿಗೂ ತಂತುವು ತಲುಪಲಾರದು. ಮೊದಲು ಮುಟ್ಟಲಿ, ಆಮೇಲೆ ಗಟ್ಟಿಯಾಗಲಿ ಎಂಬುದೇ ಆ ವಾದ. ಈ ವಾದದಲ್ಲಿ ತಿರುಳಿಲ್ಲವೆಂದು ನಾವು ಹೇಳುವುದಿಲ್ಲ. ಭಾರತ್‌ನೆಟ್ಟಿನ ಮೊದಲನೆಯ ಹಂತವು ಹಳೆಯ ತಂತುವನ್ನು ಬಳಸಿಕೊಂಡದ್ದರಿಂದಲೇ ಒಂದು ಲಕ್ಷ ಪಂಚಾಯತಿಗಳನ್ನು ಮುಟ್ಟಲು ಸಾಧ್ಯವಾಯಿತು. ಆದರೆ ಮುಟ್ಟುವುದು ಎಂಬ ಮಾತಿನ ಅರ್ಥವನ್ನು ವಿಚಾರ ಮಾಡಬೇಕು. ಹಳ್ಳಿಯ ಪಂಚಾಯತಿ ಕಚೇರಿಯಲ್ಲಿ ಪಡಿತರದ ಕೆಲಸಕ್ಕೋ ಪಹಣಿಯ ನಕಲಿಗೋ ಬಂದವನು ಸಂಪರ್ಕವಿಲ್ಲವೆಂದು ಎರಡು ಸಲ ಮರಳಿ ಹೋದರೆ ಮೂರನೆಯ ಸಲ ಅಲ್ಲಿಗೆ ಬರುವುದಿಲ್ಲ. ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೇ ಹೋಗುವನು. ತಂತುವು ಇದ್ದೂ ಬಳಕೆಯಾಗದಿದ್ದರೆ, ಬಳಕೆಯಿಲ್ಲವೆಂಬ ಕಾರಣದಿಂದಲೇ ಅದನ್ನು ಕಾಯುವವರೂ ಇಲ್ಲವಾಗುವರು. ಲೂಯಿವಿಲ್ಲಿನಲ್ಲಿ ಸಂಸ್ಥೆಯು ಹೊರಟುಹೋದಾಗ ಅಲ್ಲಿಯ ಜನಕ್ಕೆ ಬೇರೆ ಸಂಸ್ಥೆಗಳಿದ್ದುವು. ನಮ್ಮ ದೂರದ ಹಳ್ಳಿಗೆ ಆ ಭಾಗ್ಯವೂ ಇಲ್ಲ.

ಆದುದರಿಂದ ವಿದ್ಯಾರ್ಥಿಗಳು ತಮ್ಮ ವರದಿಗಳಲ್ಲಿ ಗುಣದೋಷಗಳ ಪಟ್ಟಿಯನ್ನು ಕೈಬಿಡಬೇಕೆಂದು ನಮ್ಮ ಸೂಚನೆಯಲ್ಲ. ಆ ಪಟ್ಟಿಗೆ ಮುಂಚೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕೆಂದು ಮಾತ್ರ ನಾವು ಬಯಸುತ್ತೇವೆ. ತಂತುವು ಹಾಯುವ ನೆಲ ಅಥವಾ ಕಂಬ ಯಾರದು, ಅವರು ಅದನ್ನು ಮುಂದಿನ ಹತ್ತು ವರ್ಷಗಳಲ್ಲಿ ಏನು ಮಾಡಲಿರುವರು? ಹಾದಿಯ ಪ್ರತಿಯೊಂದು ತುಂಡೂ ಕಡಿದಾಗ ಯಾವ ಯಾವ ಊರುಗಳಿಗೆ ಸಂಪರ್ಕ ತಪ್ಪುವುದು? ಕಡಿದುದನ್ನು ಹುಡುಕಿ ಸರಿಪಡಿಸುವವರು ಯಾರು, ಅವರು ಎಷ್ಟು ದೂರದಿಂದ ಬರಬೇಕು, ಅವರ ಸಂಬಳವನ್ನು ಯಾರು ಕೊಡುವರು? ಈ ಮೂರಕ್ಕೂ ಉತ್ತರ ದೊರೆತ ಮೇಲೆ, ಆಳವೆಷ್ಟಿರಬೇಕು, ಸೀಳಬೇಕೆ, ಕೊರೆಯಬೇಕೆ, ತೂಗಬೇಕೆ ಎಂಬುದು ಬಹುಮಟ್ಟಿಗೆ ತಾನಾಗಿಯೇ ಇತ್ಯರ್ಥವಾಗುವುದು. ಅಧ್ಯಾಪಕರಾದವರು ಮೌಲ್ಯಮಾಪನದಲ್ಲಿ ಕಿಲೋಮೀಟರಿನ ವೆಚ್ಚಕ್ಕೆ ಕೊಡುವಷ್ಟೇ ಅಂಕಗಳನ್ನು ಈ ಮೂರು ಉತ್ತರಗಳಿಗೂ ಕೊಡುವುದಾದರೆ, ನಾಳೆ ಇಂತಹ ಯೋಜನೆಗಳ ಕಡತಗಳಿಗೆ ಸಹಿ ಹಾಕುವ ಹುದ್ದೆಗಳಲ್ಲಿ ಕೂರುವ ಇಂದಿನ ವಿದ್ಯಾರ್ಥಿಗಳು ಅವನ್ನು ಅಲ್ಲಿಯೂ ಕೇಳಿಯಾರು ಎಂಬ ಭರವಸೆ ನಮಗಿದೆ.